ಅಪ್ಪ ಅಮ್ಮನ್ನ ಬೆಂಗ್ಳೂರಲ್ಲಿ ಬಾರ್ಬೆಕ್ಯೂ ಊಟಕ್ಕೆ ಕರ್ಕೊಂಡ್ ಹೋಗಿದ್ವಿ, ಯಾಕೋ ಸರಿಹೋಗ್ಲಿಲ್ಲ. ನೀವೆಲ್ಲ ಹೆಂಗ್ ಮಾಡ್ತೀರ?

ಆಲೂರು ಕಡೆಯವನು

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ಒಂದು ವಾರದಿಂದ ಮನಸ್ಸಲ್ಲಿ ಕೊರೀತಾನೇ ಇದೆ.

ಜೂನ್ ಮೊದಲ್ನೇ ಭಾನುವಾರಕ್ಕೆ ಅಪ್ಪ ಅಮ್ಮನ ಮದ್ವೆಯಾಗಿ 40 ವರ್ಷ ತುಂಬ್ತು. ನಾನು ನನ್ ಹೆಂಡ್ತಿ ಮಗಳು ಇರೋದು ಬೆಂಗ್ಳೂರಲ್ಲಿ, ಅಕ್ಕ ಭಾವನೂ ಇಲ್ಲೇ. ಊರಲ್ಲಿ ಆಲೂಗಡ್ಡೆ ಹಾಕಿ ಮುಗೀತು ಅಂತ ಅಪ್ಪ ಫೋನ್ ಮಾಡಿದ್ರು, ಹಂಗಾದ್ರೆ ಬನ್ನಿ ಅಂತ ಹಠ ಮಾಡಿ ಕರೆಸ್ಕೊಂಡ್ವಿ. ಬೆಳಿಗ್ಗೆ ಹಾಸನದಲ್ಲಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿದ್ರು. ಅಮ್ಮ ಎಂದಿನಂತೆ ಚಿತ್ರಾನ್ನ ಕಟ್ಕೊಂಡು ಬಂದಿದ್ರು, ಒಂಬತ್ತು ಗಂಟೆಗೆ ಶ್ರವಣಬೆಳಗೊಳ ದಾಟಿದ್ಮೇಲೆ ರೈಲಲ್ಲೇ ತಿಂದ್ರಂತೆ.

ಹೋಟ್ಲು ಯಾವ್ದು ಅಂತ ಹೇಳಲ್ಲ, ಬೇಡ ಬಿಡಿ. ಟೇಬಲ್ ಮಧ್ಯೆ ಗುಂಡಿ ಇರುತ್ತಲ್ಲ, ಅದ್ರೊಳಗೆ ಕೆಂಡದ ಪೆಟ್ಟಿಗೆ ಇಟ್ಟು ಮೇಲೆ ಕಂಬಿ ಜೋಡಿಸ್ತಾರೆ, ಎಷ್ಟ್ ಬೇಕಾದ್ರೂ ತಿನ್ನಬೋದು, ಆಮೇಲೆ ಬಫೆ, ಆಮೇಲೆ ಐಸ್‌ಕ್ರೀಮು, ಅಂಥದ್ದು. ಮಗಳ ಬರ್ತ್‌ಡೇಗೆ ಹೋಗಿದ್ದಾಗ ನಮಗೆ ಬಹಳ ಇಷ್ಟ ಆಗಿತ್ತು, ಅಪ್ಪ ಅಮ್ಮನಿಗೂ ತೋರಿಸ್ಬೇಕು ಅಂತ ಆಗ್ಲೇ ಅನ್ಕೊಂಡಿದ್ದೆ.

ಆದ್ರೆ ಏನಾಯ್ತು ಅಂದ್ರೆ, ಕೂತ ಐದೇ ನಿಮಿಷಕ್ಕೆ ಜೋಳ ಬಂತು, ಪುಟ್ಟ ಆಲೂಗಡ್ಡೆ ಬಂತು, ಪನ್ನೀರು, ಅಣಬೆ, ಕೋಳಿ, ಮೀನು, ಒಂದರ ಹಿಂದೆ ಒಂದು ಬರ್ತಾನೇ ಇದೆ, ತಟ್ಟೆ ಖಾಲಿ ಆಗೋದೇ ತಡ ಹುಡುಗ ಬಂದು ಹಾಕ್ತಾನೆ. ಅಮ್ಮ ಜನ್ಮದಲ್ಲಿ ತಟ್ಟೇಲಿ ಒಂದು ಅಗುಳು ಬಿಟ್ಟವರಲ್ಲ, ಬಡಿಸೋಕೆ ಬಂದವರಿಗೆ ಕೈ ಅಡ್ಡ ಹಿಡಿದು ಬೇಡ ಅನ್ನೋದೂ ಅವರಿಗೆ ಬರಲ್ಲ. ಖಾಲಿ ಮಾಡಿದ್ರೆ ಮತ್ತೆ ಹಾಕ್ತಾರೆ, ಹಾಕಿದ್ರೆ ಖಾಲಿ ಮಾಡ್ಲೇಬೇಕು. ಅರ್ಧ ಗಂಟೆ ಅಮ್ಮ ಸುಮ್ನೆ ತಲೆ ತಗ್ಗಿಸ್ಕೊಂಡು ತಿಂತಾ ಇದ್ರು, ನಾವು ಫೋಟೋ ತೆಗೆಯೋದ್ರಲ್ಲಿ ಇದ್ವಿ, ಗಮನಿಸಲೇ ಇಲ್ಲ. ಟೇಬಲ್ ಮೇಲೆ ಇದ್ದ ಸಣ್ಣ ಬಾವುಟ ಮಲಗಿಸಿದ್ರೆ ತರೋದು ನಿಲ್ಲಿಸ್ತಾರೆ ಅಂತ ನನಗೆ ಗೊತ್ತಿತ್ತು, ಅಮ್ಮಂಗೆ ಹೇಳೋದು ಮರ್ತೆ. ಕೊನೆಗೆ ಅಕ್ಕನ ಕಿವೀಲಿ "ಇನ್ನ ಆಗಲ್ಲ ಕಣವ್ವ, ಆ ಹುಡುಗಂಗೆ ಬೇಜಾರಾಗದಂಗೆ ಹೇಳು" ಅಂದ್ರಂತೆ. ಅನ್ನದ ಹತ್ರ ಹೋಗೋ ಹೊತ್ತಿಗೆ ಇಬ್ರಿಗೂ ಹೊಟ್ಟೆ ಬಿರೀತಿತ್ತು. ಅಪ್ಪ ಒಂದು ಲೋಟ ಮಜ್ಜಿಗೆ ಕುಡಿದು ಎದ್ರು.

ಇನ್ನೊಂದು. ಅಮ್ಮ ಮಾಂಸ ಬಿಟ್ಟು ಹತ್ತು ವರ್ಷ ಆಯ್ತು. ಒಂದೇ ಕೆಂಡದ ಮೇಲೆ ಪನ್ನೀರು ಕಂಬಿ ಪಕ್ಕ ಕೋಳಿ ಕಂಬಿ, ಎಣ್ಣೆ ಸವರೋ ಬ್ರಷ್ಷೂ ಒಂದೇ. ಅಮ್ಮ ನೋಡಿದ್ರು, ಏನೂ ಅನ್ಲಿಲ್ಲ. ಅನ್ನದೇ ಇದ್ದದ್ದೇ ನನಗೆ ಜಾಸ್ತಿ ಚುಚ್ಚೋದು.

ಖುಷಿ ಆಗ್ಲಿಲ್ಲ ಅಂತಲ್ಲ. ಅಪ್ಪ ಆ ಪುಟ್ಟ ಆಲೂಗಡ್ಡೆ ಕಂಬಿಯಿಂದ ತೆಗೆದು ಬೆರಳಲ್ಲಿ ಹಿಡ್ಕೊಂಡು ತಿರುಗ್ಸಿ ತಿರುಗ್ಸಿ ನೋಡಿದ್ರು. "ಕಿತ್ತು ವಿಂಗಡಿಸೋವಾಗ ಈ ಗಾತ್ರದ್ದನ್ನ ಬೇರೆ ಗುಡ್ಡೆ ಹಾಕ್ತೀವಲ್ಲೋ, ಇದನ್ನ ಕೇಳೋರೇ ಇರಲ್ಲ ಮಾರ್ಕೆಟ್ಟಲ್ಲಿ, ಇಲ್ಲಿ ನೋಡು ಕಂಬಿಗೆ ಚುಚ್ಚಿ ಮೊದ್ಲು ಇದನ್ನೇ ತರ್ತಾರೆ" ಅಂದ್ರು. ಅಮ್ಮ ಸುಟ್ಟ ಅನಾನಸ್ ಎರಡು ಸಲ ಕೇಳಿ ಹಾಕಿಸ್ಕೊಂಡ್ರು, ಅದೊಂದೇ ಅವರಾಗಿ ಕೇಳಿದ್ದು.

ಅವರನ್ನ ಮತ್ತೆ ಕರ್ಕೊಂಡ್ ಹೋಗ್ಬೇಕು ಅಂತಿದೆ, ಆದ್ರೆ ಈ ಥರ ಅಲ್ಲ. ವಯಸ್ಸಾದವರನ್ನ ಕರ್ಕೊಂಡ್ ಹೋಗೋರು ಏನೇನ್ ಮಾಡ್ತೀರ ಹೇಳಿ.

ಮಾಜಿ ಸರ್ವರ್

ಅಣ್ಣ ನಾನು ಹೊಳೆನರಸೀಪುರದ ಕಡೆಯವನು. ಬೆಂಗ್ಳೂರಲ್ಲಿ ಇಂಥದ್ದೇ ಒಂದು ಹೋಟ್ಲಲ್ಲಿ ನಾಕು ವರ್ಷ ಬಡಿಸಿದೀನಿ, ಈಗ ಊರಲ್ಲಿ ಕ್ಯಾಟರಿಂಗ್ ಮಾಡ್ತೀನಿ. ನಿಮ್ಮ ಅಮ್ಮನ ಥರದವರನ್ನ ದಿನಾ ನೋಡ್ತಿದ್ದೆ ಅದಕ್ಕೆ ಬರೀತಿದೀನಿ.

ಮೊದಲ್ನೇದು, ಜೋಳ ಆಲೂಗಡ್ಡೆ ಮೊದ್ಲು ಬರೋದು ಯಾಕೆ ಅಂದ್ರೆ ಅದು ಬೇಗ ರೆಡಿ ಆಗುತ್ತೆ, ಬೆಲೆ ಕಮ್ಮಿ, ಹೊಟ್ಟೆ ಬೇಗ ತುಂಬ್ಸುತ್ತೆ. ಮೀನು ಸೀಗಡಿ ಆಮೇಲೆ. ನೀವು ಕೂತ ತಕ್ಷಣ ಬಡಿಸೋ ಹುಡುಗನ್ನ ಕರೆದು "ನಮ್ಮ ಅಪ್ಪ ಅಮ್ಮ ಇದಾರೆ, ಒಂದೊಂದೇ ಐಟಂ, ಒಂದೊಂದೇ ಪೀಸ್, ನಾವು ಕರೆದಾಗ ಮಾತ್ರ" ಅಂತ ಹೇಳಿ. ಹೇಳಿದ್ರೆ ಹಂಗೇ ಮಾಡ್ತಾರೆ, ಹುಡುಗರಿಗೂ ಅದೇ ಸುಲಭ. ಹೇಳದೇ ಇದ್ರೆ ತಟ್ಟೆ ಖಾಲಿ ಇಟ್ರೆ ನಮಗೆ ಬೈಗುಳ, ಯಾಕೆ ಗೆಸ್ಟ್ ತಟ್ಟೆ ಖಾಲಿ ಇದೆ ಅಂತ ಮ್ಯಾನೇಜರು ಕೇಳ್ತಾರೆ.

ಎರಡ್ನೇದು, ಟೇಬಲ್ ಮೇಲಿನ ಕೆಂಡದಲ್ಲಿ ಏನೂ ಬೇಯಲ್ಲ ಅಣ್ಣ. ನಾನು ಕೆಲ್ಸ ಮಾಡ್ತಿದ್ದ ಕಡೆ ಎಲ್ಲಾ ಒಳಗೆ ತಂದೂರಿಯಲ್ಲಿ ಪೂರ್ತಿ ಬೇಯಿಸೇ ತರೋದು, ಟೇಬಲ್ ಕೆಂಡ ಬಿಸಿ ಇಡೋಕೆ, ಸ್ವಲ್ಪ ಹೊಗೆ ವಾಸನೆ ಹಿಡಿಯೋಕೆ. ಹಂಗಾಗಿ ಅಮ್ಮಂಗೆ ಬೇರೆ ಬೇಕು ಅಂದ್ರೆ ಕಿಚನ್ನಿಂದಲೇ ಬೇರೆ ತಟ್ಟೇಲಿ ತರಿಸ್ಬೋದು, ಆ ಕಂಬಿ ಟೇಬಲ್ ಗ್ರಿಲ್ಲಿಗೆ ಬರೋ ಅವಶ್ಯಕತೆನೇ ಇಲ್ಲ.

ಮೂರ್ನೇದು ಟೈಮು. ಭಾನುವಾರ ಮಧ್ಯಾಹ್ನ ಅಂದ್ರೆ ನಿಮ್ಮ ಹಿಂದೆ ಇನ್ನೊಂದು ಬುಕಿಂಗ್ ಕಾಯ್ತಾ ಇರುತ್ತೆ. ಆ ಅವಸರ ನಮ್ಮ ಕೈಕಾಲಲ್ಲೇ ಇರ್ತಿತ್ತು, ಗೆಸ್ಟಿಗೆ ಗೊತ್ತಾಗದೇ ಇರ್ತಿರ್ಲಿಲ್ಲ. ವಾರದ ದಿನ ಬಾಗಿಲು ತೆಗೆದ ತಕ್ಷಣ ಹೋಗಿ, ರೇಟೂ ಕಮ್ಮಿ, ಹುಡುಗರಿಗೆ ಮಾತಾಡೋಕೂ ಪುರುಸೊತ್ತಿರುತ್ತೆ.

ಕಾಫಿತೋಟದ ಮನೆ, ಚಿಕ್ಮಗ್ಳೂರು

ಬ್ರಷ್ ವಿಷ್ಯ ನೀವು ಬರ್ದಿದ್ದು ನೋಡಿ ನಂಗೆ ನಮ್ಮತ್ತೆ ನೆನಪಾದ್ರು. ಅವರೂ ಹಿಂಗೇ, ಬಾಯಿಬಿಟ್ಟು ಏನೂ ಹೇಳಲ್ಲ, ತಟ್ಟೇಲಿರೋದನ್ನ ತಿಂದು ಎದ್ದು, ಮನೆಗೆ ಬಂದು ರಾತ್ರಿ ಊಟ ಬೇಡ ಅಂತಾರೆ. ಆಗ ನಮಗೆ ಗೊತ್ತಾಗೋದು. ಅದಕ್ಕೆ ನಾನು ಈಗ ಟೇಬಲ್ ಬುಕ್ ಮಾಡೋವಾಗಲೇ ಫೋನಲ್ಲಿ ಹೇಳ್ತೀನಿ, ನಮಗೆ ಎರಡು ಗ್ರಿಲ್ ಬೇಕು, ಒಂದರಲ್ಲಿ ಬರೀ ವೆಜ್ಜು, ಅದಕ್ಕೆ ಬೇರೆ ಬ್ರಷ್ಷು ಬೇರೆ ಎಣ್ಣೆ ಬಟ್ಟಲು. ದೊಡ್ಡ ಟೇಬಲ್ಲಿಗೆ ಹೆಂಗೂ ಎರಡು ಪೆಟ್ಟಿಗೆ ಇರುತ್ತೆ. ಇಲ್ಲ ಆಗಲ್ಲ ಅಂದ್ರೆ ಆ ಹೋಟ್ಲು ಬೇಡ, ಅಷ್ಟೇ.

ಬಫೆಯಲ್ಲೂ ನೋಡ್ಕೊಳ್ಳಿ, ಸೌಟು ಅದಲು ಬದಲಾಗಿರುತ್ತೆ. ಜನ ಕೋಳಿ ಸಾರಿನ ಸೌಟು ತಗೊಂಡು ದಾಲ್‌ಗೆ ಹಾಕಿ ಹೋಗಿರ್ತಾರೆ. ನಾನೇ ಮೊದ್ಲು ಹೋಗಿ ಅತ್ತೆಗೆ ತಟ್ಟೆ ಹಾಕ್ಕೊಂಡು ಬರ್ತೀನಿ, ಅವರು ಕ್ಯೂನಲ್ಲಿ ನಿಲ್ಲೋದೂ ತಪ್ಪುತ್ತೆ.

ಬೇಲೂರ್ ರೋಡ್

ಸುಮ್ನೆ ಕೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ಅವರನ್ನ ಅಲ್ಲಿಗೆ ಕರ್ಕೊಂಡ್ ಹೋಗ್ಲೇಬೇಕಾ? ನಮ್ಮ ಕಡೆಯವರಿಗೆ ಮುದ್ದೆ, ಉಪ್ಸಾರು, ಅಕ್ಕಿರೊಟ್ಟಿ ಇದ್ರೆ ಸಾಕು. ಅದೇ ದುಡ್ಡಲ್ಲಿ ಒಳ್ಳೆ ಬಾಳೆ ಎಲೆ ಊಟ ಹಾಕಿಸ್ಬೋದಿತ್ತು. ಅವರಿಗೆ ಒಗ್ಗದ ಜಾಗಕ್ಕೆ ಕರ್ಕೊಂಡ್ ಹೋಗಿ ನಾವು ಖುಷಿ ಪಡೋದು ನನಗ್ಯಾಕೋ ಸರಿ ಕಾಣಲ್ಲ.

ಕಾಫಿತೋಟದ ಮನೆ, ಚಿಕ್ಮಗ್ಳೂರು

ಬೇಲೂರ್ ರೋಡ್ ಅವರೇ, ನಾನು ಇದನ್ನ ಒಪ್ಪಲ್ಲ. ಅವರಿಗೆ ಒಗ್ಗಲ್ಲ ಅಂತ ನಾವೇ ತೀರ್ಮಾನ ಮಾಡಿಬಿಡೋದು ತಪ್ಪು. ನಮ್ಮತ್ತೆಗೆ 72, ಹೊರಗಡೆ ಊಟ ಅಂದ್ರೆ ಮದ್ವೆಮನೆ ಬಿಟ್ರೆ ದೇವಸ್ಥಾನ, ಅಷ್ಟೇ ಕಂಡಿದ್ದವರು. ಎಲ್ಲಾ ಮದ್ವೇಲೂ ಅವರೇ ಅಡುಗೆಮನೆ ಕಡೆ ನಿಂತಿರ್ತಿದ್ರು, ಕೊನೆ ಪಂಕ್ತೀಲಿ ಊಟ. ಕೂತ ಕಡೆಗೆ ಬಿಸಿಬಿಸಿ ತಂದು ಇನ್ನೂ ಬೇಕಾ ಅಂತ ಅವರನ್ನ ಯಾರಾದ್ರೂ ಕೇಳಿದ್ದು ಅಂಥ ಹೋಟ್ಲಲ್ಲೇ ಮೊದ್ಲು. ನನ್ನ ಕಣ್ಣಲ್ಲಿ ನೀರು ಬಂತು ಅವತ್ತು, ಅಷ್ಟು ವರ್ಷ ಒಂದೇ ಮನೇಲಿ ಇದ್ದು ನಾನೂ ಅದನ್ನ ಯೋಚ್ನೆ ಮಾಡಿರ್ಲಿಲ್ಲ.

ಬೇಲೂರ್ ರೋಡ್

ಸರಿ ಅಕ್ಕ. ನಾನು ಆ ಕಡೆಯಿಂದ ನೋಡಿರ್ಲಿಲ್ಲ. ನಮ್ಮವ್ವನೂ ಕೊನೆ ಪಂಕ್ತಿನೇ.

ಲೆಕ್ಕ ಬರೆಯೋನು

ಊಟದ ಮಾತು ಎಲ್ರೂ ಹೇಳ್ತಿದೀರ, ಬಿಲ್ ಏನಾಯ್ತು? ಸರ್ವಿಸ್ ಚಾರ್ಜ್ ಹಾಕಿದ್ರಾ?

ಆಲೂರು ಕಡೆಯವನು

ಹಾಕಿದ್ರು ಸರ್. ಆರು ಜನ ದೊಡ್ಡವರು, ಮಗಳಿಗೆ ಕಮ್ಮಿ ರೇಟು, ಎಲ್ಲಾ ಸೇರಿ 5200. ಅದ್ರ ಮೇಲೆ ಸರ್ವಿಸ್ ಚಾರ್ಜ್ ಅಂತ 10%, 520. ಆಮೇಲೆ ಜಿಎಸ್‌ಟಿ, ಒಟ್ಟು 6006 ಬಂತು. ಅಪ್ಪನ ಮುಂದೆ ಬಿಲ್ ಬಗ್ಗೆ ಮಾತಾಡೋದು ಬೇಡ ಅಂತ ಕಾರ್ಡ್ ಕೊಟ್ಟು ಎದ್ದೆ.

ಲೆಕ್ಕ ಬರೆಯೋನು

ಇದನ್ನ ಎಲ್ರೂ ತಿಳ್ಕೊಳ್ಳಿ. ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ಕ್ಕೇ ಮಾರ್ಗಸೂಚಿ ಹೊರಡಿಸಿದೆ, ಹೋಟ್ಲಿನವರು ತಾವಾಗೇ ಬಿಲ್ಲಲ್ಲಿ ಸರ್ವಿಸ್ ಚಾರ್ಜ್ ಸೇರಿಸೋ ಹಾಗಿಲ್ಲ, ಬೇರೆ ಹೆಸರಲ್ಲೂ ವಸೂಲಿ ಮಾಡೋ ಹಾಗಿಲ್ಲ, ಕೊಡೋದು ಬಿಡೋದು ಗಿರಾಕಿ ಇಷ್ಟ. ಹೋಟ್ಲಿನವರ ಸಂಘದವರು ಕೋರ್ಟಿಗೆ ಹೋಗಿದ್ರು, 2025ರ ಮಾರ್ಚ್ 28ಕ್ಕೆ ದೆಹಲಿ ಹೈಕೋರ್ಟು ಆ ಮಾರ್ಗಸೂಚಿನ ಎತ್ತಿಹಿಡೀತು.

ನಿಮ್ಮ ಬಿಲ್ಲಲ್ಲಿ ಇನ್ನೊಂದು ನೋಡಿ, ಜಿಎಸ್‌ಟಿ 5% ಹಾಕಿರೋದು 5200ರ ಮೇಲಲ್ಲ, 5720ರ ಮೇಲೆ, ಅಂದ್ರೆ ಸರ್ವಿಸ್ ಚಾರ್ಜಿಗೂ ನೀವು ತೆರಿಗೆ ಕಟ್ಟಿದೀರ. ತೆಗೆಸಿದ್ರೆ 5460 ಆಗ್ತಿತ್ತು, 546 ರೂಪಾಯಿ ಉಳೀತಿತ್ತು. ಜಗಳ ಬೇಡ, ಮ್ಯಾನೇಜರ್ ಹತ್ರ ಮೆತ್ತಗೆ "ಇದು ತೆಗೆದು ಬೇರೆ ಬಿಲ್ ಕೊಡಿ" ಅನ್ನಿ. ಒಪ್ಪಲಿಲ್ಲ ಅಂದ್ರೆ ಬಿಲ್ ಫೋಟೋ ಇಟ್ಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಮಾಜಿ ಸರ್ವರ್

ಇವರು ಹೇಳಿದ್ದು ಸರಿ. ಒಂದು ಮಾತು ಸೇರಿಸ್ತೀನಿ, ಆ ಹುಡುಗ ಚೆನ್ನಾಗಿ ನೋಡ್ಕೊಂಡ ಅನ್ಸಿದ್ರೆ ಅವನ ಕೈಗೇ ಕೊಡಿ. ಎಲ್ರೂ ಊಟ ಮುಗಿಸಿದ್ಮೇಲೆ ಮೂರೂವರೆ ನಾಕಕ್ಕೆ ನಾವು ಊಟಕ್ಕೆ ಕೂರ್ತಿದ್ವಿ, ಅಲ್ಲೀವರೆಗೂ ಬೆಳಿಗ್ಗೆ ತಿಂದ ತಿಂಡಿನೇ. ಕೈಗೆ ಕೊಟ್ಟ ನೂರು ರೂಪಾಯಿ ನನಗೆ ಇವತ್ತಿಗೂ ನೆನಪಿದೆ.

ಎರಡು ಮಕ್ಕಳ ತಾಯಿ, ಅರಕಲಗೂಡು

ಯಾರೂ ಶಬ್ದದ ಬಗ್ಗೆ ಹೇಳಲಿಲ್ಲ. ಐದು ನಿಮಿಷಕ್ಕೊಂದು ಟೇಬಲ್ಲಲ್ಲಿ ಬರ್ತ್‌ಡೇ, ಅವರ ಸ್ಟಾಫೆಲ್ಲ ಸೇರ್ಕೊಂಡು ಚಪ್ಪಾಳೆ ಹೊಡ್ಕೊಂಡು ಹಾಡ್ತಾರೆ. ನಮ್ಮ ಮಾವಂಗೆ ಕಿವಿಗೆ ಮಿಷಿನ್ ಹಾಕಿದೆ, ಆ ಗದ್ದಲದಲ್ಲಿ ಅವರಿಗೆ ಪಕ್ಕದಲ್ಲಿ ಕೂತ ಮೊಮ್ಮಗನ ಮಾತೂ ಕೇಳ್ಲಿಲ್ಲ. ಮಿಷಿನ್ ತೆಗೆದು ಜೇಬಲ್ಲಿ ಇಟ್ಕೊಂಡು ಸುಮ್ನೆ ನಗ್ತಾ ಕೂತಿದ್ರು. ಮೂಲೆ ಟೇಬಲ್ ಕೇಳಿ ಬುಕ್ ಮಾಡಿ, ಎಸಿ ಗಾಳಿ ನೇರ ಬೀಳದ ಕಡೆ.

ಸಕ್ಕರೆ ಕಾಯಿಲೆಯವರಿಗೆ ಊಟದ ಟೈಮಿನದೇ ದೊಡ್ಡ ತೊಂದ್ರೆ. ಮಾತ್ರೆ ನುಂಗಿ ಎರಡೂವರೆ ಸ್ಲಾಟಿಗೆ ಹೊರಗೆ ಬೆಂಚಲ್ಲಿ ಕಾಯೋದು ಬೇಡವೇ ಬೇಡ.

ಕಾಫಿತೋಟದ ಮನೆ, ಚಿಕ್ಮಗ್ಳೂರು

ಆಲೂರಿನವರೇ, ನಿಮ್ಮಪ್ಪ ಆಲೂಗಡ್ಡೆ ನೋಡಿ ಹೇಳಿದ ಮಾತು ನನಗೆ ಬಹಳ ಹಿಡಿಸ್ತು. ಗಡ್ಡೆ ಕೀಳೋವಾಗ ಆ ಪುಟ್ಟದ್ದನ್ನ ಮಾರೋಕೆ ಹೋಗ್ಬೇಡಿ, ಊರಲ್ಲೇ ಕೆಂಡ ಮಾಡಿ. ಕೆಂಡದಲ್ಲಿ ಸುಡೋದು ನಮಗೇನು ಹೊಸದಾ, ಗೆಣಸು, ಹಲಸಿನ ಬೀಜ, ಗೊಜ್ಜಿಗೆ ಬದ್ನೆಕಾಯಿ, ಒಣಮೀನು, ಗದ್ದೆ ಏಡಿ, ಎಲ್ಲಾ ಒಲೆ ಕೆಂಡದಲ್ಲೇ ಸುಟ್ಟು ತಿಂದು ಬೆಳೆದವರು.

ನಾವು ಮಾಡೋದು ಹೇಳ್ತೀನಿ. ಕಿತ್ತು ಹಾಕಿದ ಹಳೇ ಕಾಫಿ ಗಿಡದ ಬುಡ ಚೆನ್ನಾಗಿ ಒಣಗಿದ್ದು ಇರುತ್ತಲ್ಲ, ಅದರ ಕೆಂಡಕ್ಕೆ ಸಾಟಿ ಇಲ್ಲ, ಗಟ್ಟಿ ಸೌದೆ, ಬೇಗ ಬೂದಿ ಆಗಲ್ಲ. ಉರಿ ಇರೋವಾಗ ಏನೂ ಇಡ್ಬೇಡಿ, ಕರಿ ಹಿಡಿಯುತ್ತೆ ಒಳಗೆ ಹಸೀನೇ ಇರುತ್ತೆ. ಉರಿ ಇಳಿದು ಕೆಂಡದ ಮೇಲೆ ತೆಳ್ಳಗೆ ಬಿಳೀ ಬೂದಿ ಕೂರ್ಬೇಕು, ಆಗ ಹದ. ಕೆಂಡನ ಒಂದು ಕಡೆಗೆ ಒತ್ತರಿಸಿ, ಇನ್ನೊಂದು ಕಡೆ ತೆಳ್ಳಗೆ ಬಿಡಿ, ಮೊದ್ಲು ಜೋರು ಕಡೆ ಬಣ್ಣ ಬರಿಸಿ ಆಮೇಲೆ ಈ ಕಡೆ ಎಳ್ಕೊಂಡು ನಿಧಾನಕ್ಕೆ ಬೇಯಿಸಿ. ಆಲೂಗಡ್ಡೆ ಮುಕ್ಕಾಲು ಬೇಯಿಸ್ಕೊಂಡೇ ಚುಚ್ಚಿ, ಇಲ್ಲಾಂದ್ರೆ ಸೀಳುತ್ತೆ. ಗಟ್ಟಿ ಮೊಸರು, ಅಚ್ಚ ಖಾರದಪುಡಿ, ಶುಂಠಿ ಬೆಳ್ಳುಳ್ಳಿ, ಉಪ್ಪು, ಸ್ವಲ್ಪ ಸಾಸಿವೆ ಎಣ್ಣೆ ಇದ್ರೆ ಹಾಕಿ, ಒಂದು ಗಂಟೆ ನೆನೆಸಿ.

ಕೋಳಿಗೆ ಮೊಸರಿನ ಜೊತೆ ಒಂದು ಚಮಚ ಹಸಿ ಪರಂಗಿಕಾಯಿ ಅರೆದು ಹಾಕಿದ್ರೆ ಮೆತ್ತಗಾಗುತ್ತೆ, ಜಾಸ್ತಿ ಹಾಕಿ ರಾತ್ರಿಯೆಲ್ಲ ಇಟ್ರೆ ಹಿಟ್ಟಿನಂಗಾಗುತ್ತೆ. ಬಿದಿರು ಕಡ್ಡಿ ಆದ್ರೆ ಅರ್ಧ ಗಂಟೆ ನೀರಲ್ಲಿ ಹಾಕಿಡಿ.

ಎರಡು ಮಕ್ಕಳ ತಾಯಿ, ಅರಕಲಗೂಡು

ಮಳೆಗಾಲದಲ್ಲಿ ಅಂಗಳದಲ್ಲಿ ಹೆಂಗ್ ಮಾಡ್ತೀರ ಅಕ್ಕ? ನಾವು ಕಾರ್ ನಿಲ್ಲಿಸೋ ಶೆಡ್ಡಲ್ಲಿ ಶಟರ್ ಎಳ್ಕೊಂಡು ಮಾಡೋಣ ಅಂತಿದ್ವಿ.

ಕಾಫಿತೋಟದ ಮನೆ, ಚಿಕ್ಮಗ್ಳೂರು

ಅಯ್ಯೋ ಬೇಡಮ್ಮ, ದಯವಿಟ್ಟು ಬೇಡ. ಇದ್ದಿಲು ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತೆ, ಅದಕ್ಕೆ ವಾಸನೆ ಇಲ್ಲ ಬಣ್ಣ ಇಲ್ಲ, ಹೊಗೆ ನಿಂತ್ಮೇಲೂ ಬರ್ತಾನೇ ಇರುತ್ತೆ. ಮುಚ್ಚಿದ ಜಾಗದಲ್ಲಿ ತಲೆನೋವು, ವಾಂತಿ ಬಂದಂಗೆ ಆಗಿ ಪ್ರಜ್ಞೆ ತಪ್ಪುತ್ತೆ, ಪ್ರಾಣನೇ ಹೋಗುತ್ತೆ. ಹೋಟ್ಲಲ್ಲಿ ಹೊಗೆ ಎಳೆಯೋಕೆ ಟೇಬಲ್ಲಿಗೆ ವ್ಯವಸ್ಥೆ ಮಾಡಿರ್ತಾರೆ, ನಮ್ಮ ಶೆಡ್ಡಲ್ಲಿ ಅದೆಲ್ಲಿ? ಚಳಿ ಅಂತ ಕೆಂಡದ ಬಾಣಲೆ ರೂಮಿಗೆ ತಂದಿಟ್ಕೊಂಡು ಮಲಗೋದೂ ಅಷ್ಟೇ ಅಪಾಯ. ನಾಲ್ಕೂ ಕಡೆ ತೆರೆದಿರೋ ಚಪ್ಪರದ ಕೆಳಗೆ ಮಾಡಿ, ಇಲ್ಲಾ ಮಳೆ ಬಿಟ್ಟ ದಿನ ಮಾಡಿ.

ಎರಡು ಮಕ್ಕಳ ತಾಯಿ, ಅರಕಲಗೂಡು

ಹೇಳಿದ್ದು ಒಳ್ಳೇದಾಯ್ತು. ನಿಜವಾಗ್ಲೂ ಗೊತ್ತಿರ್ಲಿಲ್ಲ. ಮನೇಲಿ ಎಲ್ರಿಗೂ ಈಗ್ಲೇ ಓದಿ ಹೇಳಿದೆ.

ಆಲೂರು ಕಡೆಯವನು

ಸೆಪ್ಟೆಂಬರಲ್ಲಿ ಮತ್ತೆ ಬರೀತಿದೀನಿ, ನೀವೆಲ್ಲ ಇಷ್ಟು ಹೇಳ್ಕೊಟ್ಟು ಏನಾಯ್ತು ಅಂತ ಹೇಳದೇ ಇದ್ರೆ ತಪ್ಪಾಗುತ್ತೆ.

ಆಗಸ್ಟಲ್ಲಿ ಅಪ್ಪಂಗೆ ಕಣ್ಣು ತೋರಿಸೋಕೆ ಬೆಂಗ್ಳೂರಿಗೆ ಕರೆಸಿದ್ವಿ, ಆಗ ಮತ್ತೆ ಹೋದ್ವಿ, ಬುಧವಾರ, ಬೇರೆ ಹೋಟ್ಲು, ಹನ್ನೆರಡು ಗಂಟೆಗೆ ನಾವೇ ಮೊದಲ ಗಿರಾಕಿ. ಬೆಳಿಗ್ಗೆ ಬರೀ ಎರಡು ಇಡ್ಲಿ ತಿನ್ನಿಸಿದ್ದೆ. ಎರಡು ಗ್ರಿಲ್ ಅಂತ ಫೋನಲ್ಲೇ ಹೇಳಿದ್ದೆ, ಒಂದನ್ನ ಅಮ್ಮನ ಮುಂದೆ ಇಟ್ರು, ಹೊಸ ಬ್ರಷ್ಷು ತಂದು ಅಮ್ಮಂಗೆ ತೋರಿಸಿಯೇ ಎಣ್ಣೆ ಬಟ್ಟಲಲ್ಲಿ ಇಟ್ಟ ಆ ಹುಡುಗ. ಬಾವುಟ ಅಮ್ಮನ ಕೈಗೇ ಕೊಟ್ಟೆ. ನಿಲ್ಲಿಸಿದ್ರೆ ತರ್ತಾರೆ, ಮಲಗಿಸಿದ್ರೆ ನಿಲ್ಲಿಸ್ತಾರೆ, ಯಾರಿಗೂ ಬೇಡ ಅನ್ನೋ ಅವಶ್ಯಕತೆ ಇಲ್ಲ ಅಂದೆ. ಎರಡು ಕಂಬಿ ತಿಂದು ಬಾವುಟ ಮಲಗಿಸಿದ್ರು. ಆಮೇಲೆ ಆರಾಮಾಗಿ ಅಕ್ಕನ ಜೊತೆ ಅರ್ಧ ಗಂಟೆ ಮಾತು. ಮತ್ತೆ ಬಾವುಟ ಎತ್ತಿ ನಿಲ್ಸಿದ್ರು, ಅನಾನಸ್ ಬಂತು. ಕೆಂಡ ಮಂಕಾಗಿದೆ ಅಂತ ಅಮ್ಮನೇ ಇಕ್ಕಳ ತಗೊಂಡು ಒಂದು ಮೂಲೆಗೆ ಒತ್ತರಿಸಿದ್ರು, ಹುಡುಗ ಓಡಿ ಬಂದು ಕೈ ಸುಟ್ಕೊಂಡೀರ ಅಮ್ಮ ಅಂದ, "ನಲವತ್ತು ವರ್ಷದಿಂದ ಒಲೆ ಮುಂದೆ ಇದೀನಿ ಕಣಪ್ಪ" ಅಂದ್ರು. ಕೊನೇಲಿ ಅನ್ನ ಸಾರೂ ಊಟ ಮಾಡಿದ್ರು ಇಬ್ರೂ. ಬಿಲ್ಲಲ್ಲಿ ಸರ್ವಿಸ್ ಚಾರ್ಜ್ ಇರ್ಲಿಲ್ಲ, ಆ ಹುಡುಗಂಗೆ ಅಪ್ಪನ ಕೈಯಿಂದಲೇ ಕೊಡಿಸಿದೆ.

ಹೋದ ವಾರ ಊರಲ್ಲಿ ಗಡ್ಡೆ ಕಿತ್ವಿ. ಈ ಸಲ ಮಳೆ ಜಾಸ್ತಿ ಆಗಿ ಅರ್ಧ ಹೊಲಕ್ಕೆ ಅಂಗಮಾರಿ ಬಿದ್ದಿತ್ತು, ಔಷಧಿ ಹೊಡೆದು ಹೊಡೆದು ಸಾಕಾಯ್ತು, ಇಳುವರಿ ಕಮ್ಮಿನೇ. ಆದ್ರೂ ಪುಟ್ಟ ಗಡ್ಡೆ ಗುಡ್ಡೆಯಿಂದ ಅಪ್ಪ ಒಂದು ಮಂಕರಿ ತೆಗೆದು ಬೇರೆ ಇಟ್ಟಿದ್ರು, ಯಾರಿಗೂ ಕೊಡಬೇಡಿ ಅಂತ. ಹಾಸನದಲ್ಲಿ ವೆಲ್ಡಿಂಗ್ ಅಂಗಡೀಲಿ ಎಂಟು ಕಂಬಿ ಮಾಡಿಸ್ಕೊಂಡು ಬಂದಿದ್ರು, ಹಿಡಿಯೋ ಕಡೆ ಬಗ್ಗಿಸಿ. ಅಂಗಳದಲ್ಲಿ ಇಟ್ಟಿಗೆ ಜೋಡಿಸಿ ಕೆಂಡ ಮಾಡಿದ್ವಿ, ಗಡ್ಡೆ ಕೀಳೋಕೆ ಬಂದಿದ್ದ ಹೆಂಗಸ್ರೂ ಕೂತ್ರು ಜೊತೇಲಿ. ಅಮ್ಮನ್ನ ಒಲೆ ಹತ್ರ ಬಿಡಲಿಲ್ಲ ನನ್ನ ಹೆಂಡ್ತಿ, ಮೊದಲ ಕಂಬಿ ಅವರ ತಟ್ಟೆಗೇ. ಮಗಳು ಎಲ್ಲಿಂದಲೋ ಕೆಂಪು ಕಾಗದದ ಬಾವುಟ ಮಾಡ್ಕೊಂಡು ಬಂದು ಅಜ್ಜಿ ಪಕ್ಕ ಚುಚ್ಚಿದ್ಲು.

ಒಂದು ಕೇಳೋದಿತ್ತು. ಆ ಕಂಬಿ ಸ್ಟೀಲ್ ಅಲ್ಲ, ಬರೀ ಕಬ್ಬಿಣ. ಎರಡೇ ದಿನಕ್ಕೆ ತುಕ್ಕಿನ ಬಣ್ಣ ಬರ್ತಿದೆ, ಏನ್ ಮಾಡ್ಲಿ?

ಕಾಫಿತೋಟದ ಮನೆ, ಚಿಕ್ಮಗ್ಳೂರು

ಬೂದಿ ಹಾಕಿ ತಿಕ್ಕಿ ತೊಳೀರಿ, ಒಲೆ ಮೇಲೆ ಹಿಡಿದು ನೀರಿನ ಪಸೆ ಹೋಗೋಷ್ಟು ಒಣಗ್ಸಿ, ಬಿಸಿ ಇರೋವಾಗಲೇ ಅಡುಗೆ ಎಣ್ಣೆ ತೆಳ್ಳಗೆ ಸವರಿ. ಪೇಪರಲ್ಲಿ ಸುತ್ತಿ ಒಲೆ ಮೇಲಿನ ಅಟ್ಟದಲ್ಲಿ ಇಡಿ, ಮುಂದಿನ ಮಳೆಗಾಲದವರೆಗೂ ಏನೂ ಆಗಲ್ಲ.